ತರಗತಿಗೆ ಒಬ್ಬನೇ ಯಹೂದಿಯಾಗಿರುವ ಮಗನಿಗೆ ಏನನ್ನು ಕಲಿಸಬೇಕು?

ಪ್ರಶ್ನೆ: ನಾವು ಬೆನೆ ಇಸ್ರೇಲ್ ಸಮುದಾಯದ ಯಹೂದಿಗಳು. ತಂದೆಯವರು ರೈಲ್ವೆಯಲ್ಲಿದ್ದುದರಿಂದ ನಾನು ಬೆಳೆದದ್ದು, ಓದಿದ್ದು ಎಲ್ಲ ಹುಬ್ಬಳ್ಳಿಯಲ್ಲಿ. ಮದುವೆಯಾಗಿ ಠಾಣೆಗೆ ಹೋದೆ. ಯಜಮಾನರ ಕೆಲಸದಿಂದಾಗಿ ಈಗ ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಮಗನಿಗೆ ಹದಿನಾಲ್ಕು ತುಂಬಿದೆ, ಮಗಳಿಗೆ ಹನ್ನೊಂದು. ಶುಕ್ರವಾರ ಸಂಜೆ ದೀಪ ಹಚ್ಚಿ ಶೆಮಾ ಪ್ರಾರ್ಥನೆ ಹೇಳುತ್ತೇವೆ. ಅತ್ತೆಯವರು ಬಂದಾಗ ಅವಲಕ್ಕಿ-ಹಣ್ಣುಗಳ ತಟ್ಟೆಯಿಟ್ಟು ಮಲಿದಾ ಮಾಡುತ್ತೇವೆ. ಇದಕ್ಕಿಂತ ಹೆಚ್ಚಿನದು ನನಗೂ ಬಾರದು. ಮನೆಯ ತೊಂದರೆಗಳಿಂದ ಹದಿಮೂರು ತುಂಬಿದಾಗ ಮಗನ ಬಾರ್ ಮಿತ್ಸ್ವಾ ಸಮಾರಂಭ ಮಾಡಲಾಗಲಿಲ್ಲ. ಈಗ ಕಾಲ ಮೀರಿತೇ ಎಂಬ ಭಯವಿದೆ. ಮೊನ್ನೆ ಅವನು, ‘ಶಾಲೆಯಲ್ಲಿ ನಾನೊಬ್ಬನೇ. ಯಹೂದಿ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೇ ಹೇಳಲು ಬರುವುದಿಲ್ಲ. ಇದನ್ನು ಇಟ್ಟುಕೊಂಡು ನಾನೇನು ಮಾಡಲಿ?’ ಎಂದ. ಹೀಬ್ರೂ ಬಾರದೆ ಯಹೂದಿಯಾಗಿ ಉಳಿಯಲಾರ ಎಂದು ನನ್ನ ನಾದಿನಿ ಹೇಳುತ್ತಾರೆ. ಮಲಿದಾ ಹಿಂದೂಗಳ ಪ್ರಸಾದದ ಅನುಕರಣೆ, ಅದನ್ನು ಬಿಡಿ ಎನ್ನುವವರೂ ನೆಂಟರಲ್ಲಿದ್ದಾರೆ. ಯಜಮಾನರು ಅವನನ್ನು ಇಸ್ರೇಲಿನ ವಸತಿ ಶಾಲೆಗೆ ಕಳಿಸೋಣ ಎನ್ನುತ್ತಾರೆ. ಮಗಳ ಪ್ರಶ್ನೆಯೇ ಬೇರೆ: ‘ಆಜಿ ಹಾಡುವುದು ಯಾವ ಭಾಷೆಯ ಹಾಡು?’ ದಯವಿಟ್ಟು ದಾರಿ ತೋರಿಸಿ.
(ಹೆಸರು ಬೇಡ), ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮಗ ಕೈತಪ್ಪುತ್ತಿದ್ದಾನೆ ಎಂಬುದು ಮೇಲೆ ಕಾಣುವ ಚಿಂತೆ. ಅವನಿಗೆ ಕೊಡಲು ನಿಮ್ಮ ಕೈಯಲ್ಲೇ ಏನೂ ಇಲ್ಲ ಎಂಬುದು ಒಳಗಿನ ಚಿಂತೆ. ಎರಡನೆಯದು ಸರಿಯಲ್ಲ ಎಂದು ಮೊದಲೇ ಹೇಳುತ್ತೇನೆ, ಏಕೆಂದರೆ ನೀವು ತೆಗೆದುಕೊಳ್ಳುವ ಎಲ್ಲ ನಿರ್ಧಾರಗಳೂ ಅದರ ಮೇಲೆ ನಿಂತಿವೆ. ಸಣ್ಣ ಧಾರ್ಮಿಕ ಸಮುದಾಯಗಳ ಮಕ್ಕಳಿಗೆ ಪಠ್ಯ ರೂಪಿಸುವ ಕೆಲಸದಲ್ಲಿ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಮುಂಬಯಿ ಮತ್ತು ಠಾಣೆಯ ಯಹೂದಿ ಮಕ್ಕಳ ಜೊತೆಗೇ ಇದ್ದೆ. ನಾನು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಲ್ಲ. ಧರ್ಮಶಾಸ್ತ್ರದ ತೀರ್ಪು ಬೇಕಾದ ಕಡೆ ಅವರನ್ನೇ ಕೇಳಬೇಕು. ಮಕ್ಕಳು ಹೇಗೆ ಕಲಿಯುತ್ತಾರೆ, ಎಲ್ಲಿ ಬಿಟ್ಟುಬಿಡುತ್ತಾರೆ ಎಂಬುದರ ಬಗ್ಗೆ ಮಾತ್ರ ಅನುಭವದಿಂದ ಹೇಳಬಲ್ಲೆ.

ಬಾರ್ ಮಿತ್ಸ್ವಾ ತಪ್ಪಿಹೋಯಿತು ಎಂಬ ಭಯವನ್ನು ಇಂದೇ ಬಿಡಿ. ಯಹೂದಿ ಸಂಪ್ರದಾಯದಲ್ಲಿ ಹುಡುಗನಿಗೆ ಹದಿಮೂರು ತುಂಬಿದ ದಿನ ಅವನು ತಾನಾಗಿಯೇ ಬಾರ್ ಮಿತ್ಸ್ವಾ ಆಗುತ್ತಾನೆ. ಆಜ್ಞೆಗಳನ್ನು ಪಾಲಿಸುವ ಹೊಣೆ ಅಂದಿನಿಂದ ಅವನದು ಎಂದಷ್ಟೇ ಅದರ ಅರ್ಥ. ಸಿನಗಾಗಿನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಧರ್ಮಗ್ರಂಥವಾದ ತೋರಾ ಓದಲು ಕರೆಯುವುದು, ಊಟ ಹಾಕುವುದು ಇವೆಲ್ಲ ಆ ಸಂಗತಿಯನ್ನು ನಾಲ್ಕು ಜನರ ಮುಂದೆ ಹೇಳುವ ಕ್ರಮಗಳು. ಅವು ನಡೆಯದಿದ್ದರೆ ಹುಡುಗ ಹೊರಗುಳಿಯುವುದಿಲ್ಲ. ತೋರಾ ಓದಲು ಅವನನ್ನು ಮೊದಲ ಬಾರಿ ಕರೆಯುವುದು ಹದಿನೈದರಲ್ಲಿ ಆದರೂ ಸರಿ, ನಲವತ್ತರಲ್ಲಿ ಆದರೂ ಸರಿ. ನಿಮ್ಮಂತೆ ದೂರದೂರಿನಲ್ಲಿರುವವರಿಗೆ ಉಪಯೋಗವಾಗುವ ಇನ್ನೊಂದು ಮಾತು: ಸಿನಗಾಗಿನಲ್ಲಿ ತೋರಾ ಸುರುಳಿಯನ್ನು ತೆರೆಯುವುದು ಶನಿವಾರ ಮಾತ್ರವಲ್ಲ, ಸೋಮವಾರ ಮತ್ತು ಗುರುವಾರ ಬೆಳಗ್ಗೆಯೂ ತೆರೆಯುತ್ತಾರೆ. ಆ ದಿನಗಳ ಓದು ಚಿಕ್ಕದು, ಶನಿವಾರದ ವಿಶ್ರಾಂತಿದಿನವಾದ ಶಬ್ಬಾತಿನ ಪ್ರಯಾಣ ನಿಷೇಧವೂ ಅಡ್ಡ ಬರುವುದಿಲ್ಲ. ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಜನರ ಗುಂಪು, ಅಂದರೆ ಮಿನ್ಯಾನ್, ಸೇರುವ ಊರಿಗೆ ಹೋಗಬೇಕಷ್ಟೆ. 1879ರಲ್ಲಿ ಕಟ್ಟಿದ ಠಾಣೆಯ ಶಾರ್ ಹಶಾಮಯಿಮ್ ಸಿನಗಾಗ್ ನಿಮಗೆ ಹೊಸದೇನಲ್ಲ.

ಹೀಬ್ರೂ ಬಗ್ಗೆ ನಿಮ್ಮ ನಾದಿನಿಯವರು ಹೇಳಿದ್ದು ಅರ್ಧ ನಿಜ. ಓದಲು ಬಂದರೆ ಹುಡುಗನಿಗೆ ಪ್ರಪಂಚದ ಯಾವ ಸಿನಗಾಗಿನಲ್ಲೂ ಪ್ರಾರ್ಥನೆಯ ಪುಸ್ತಕ ಕೈಗೆತ್ತಿಕೊಳ್ಳುವ ಧೈರ್ಯ ಬರುತ್ತದೆ. ಆ ಧೈರ್ಯ ಸಣ್ಣದಲ್ಲ. ಕನ್ನಡ ಓದಲು ಬರುವ ಮಕ್ಕಳಿಗೆ ಈ ಲಿಪಿ ಎಷ್ಟು ಸುಲಭ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಷರಗಳು ಇಪ್ಪತ್ತೆರಡೇ. ಅವುಗಳ ಕೆಳಗೆ, ಮೇಲೆ ಇಡುವ ಚುಕ್ಕಿ ಮತ್ತು ಗೆರೆಗಳೇ ಸ್ವರಗಳು. ‘ಇದು ಅವರ ಕಾಗುಣಿತ’ ಎಂದೊಡನೆ ಮಕ್ಕಳ ಮುಖದಲ್ಲಿ ಗೆಲುವು ಮೂಡುತ್ತದೆ. ಬಲದಿಂದ ಎಡಕ್ಕೆ ಕಣ್ಣಾಡಿಸುವುದು ರೂಢಿಯಾಗಲು ಕೆಲವು ವಾರಗಳು ಬೇಕಾಗುತ್ತವೆ, ಅಷ್ಟೆ.

ಆದರೆ ಓದು ಬಂದೊಡನೆ ಎಲ್ಲವೂ ಬಂದಂತಲ್ಲ. ಈ ಮಾತನ್ನು ಹೇಳುವ ಅಧಿಕಾರ ನನಗೆ ಬಂದದ್ದು ನಾನೇ ಮಾಡಿದ ತಪ್ಪಿನಿಂದ. ಆರಂಭದ ವರ್ಷಗಳಲ್ಲಿ ನಾನು ರೂಪಿಸಿದ ಪಾಠಕ್ರಮದಲ್ಲಿ ಎರಡು ವರ್ಷದ ಹೆಚ್ಚಿನ ಭಾಗ ಲಿಪಿ ಮತ್ತು ಉಚ್ಚಾರಣೆಗೇ ಹೋಗುತ್ತಿತ್ತು. ಮಕ್ಕಳು ತಡವರಿಸದೆ ಓದುತ್ತಿದ್ದರು, ಪೋಷಕರ ಕಣ್ಣು ತುಂಬಿ ಬರುತ್ತಿತ್ತು. ಒಂದು ದಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಡೀ ಶೆಮಾವನ್ನು ಓದಿ ಮುಗಿಸಿದಾಗ, ಇದರಲ್ಲಿ ನಿನಗೆ ಏನು ಮಾಡಲು ಹೇಳಿದೆಯಮ್ಮಾ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕೋಣೆಯಲ್ಲಿದ್ದ ಉಳಿದ ಹನ್ನೊಂದು ಮಕ್ಕಳಿಗೂ ಗೊತ್ತಿರಲಿಲ್ಲ. ನಾನು ಅವರಿಗೆ ಕಲಿಸಿದ್ದು ಶಬ್ದವನ್ನು ಮಾತ್ರ. ‘ಕೇಳು ಇಸ್ರಾಯೇಲೇ’ ಎಂದು ತೊಡಗುವ ಆ ಪ್ರಾರ್ಥನೆ ಕೆಲವೇ ಸಾಲುಗಳ ನಂತರ, ಈ ಮಾತುಗಳನ್ನು ಮಕ್ಕಳಿಗೆ ಕಲಿಸು, ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಲಗುವಾಗಲೂ ಏಳುವಾಗಲೂ ಇವುಗಳ ಮಾತಾಡು ಎನ್ನುತ್ತದೆ. ಯಹೂದಿ ಶಿಕ್ಷಣಕ್ಕೆ ಬುನಾದಿಯಾದ ವಾಕ್ಯವನ್ನೇ ಓದಿ, ಅದು ಬುನಾದಿ ಎಂದು ತಿಳಿಯದೆ ಮಕ್ಕಳು ಮನೆಗೆ ಹೋಗುತ್ತಿದ್ದರು.

ನೀವು ಪ್ರತಿ ಶುಕ್ರವಾರ ಅದೇ ಶೆಮಾವನ್ನು ಹೇಳುತ್ತಿದ್ದೀರಿ. ಅದರ ಅರ್ಥವನ್ನು ಕನ್ನಡದಲ್ಲೋ ಮರಾಠಿಯಲ್ಲೋ ಮಕ್ಕಳ ಜೊತೆ ಕೂತು ಸಾಲು ಸಾಲಾಗಿ ಬಿಡಿಸಿದರೆ, ನಾನು ಎರಡು ವರ್ಷದಲ್ಲಿ ಮಾಡದ ಕೆಲಸವನ್ನು ನೀವು ಎರಡು ಸಂಜೆಯಲ್ಲಿ ಮಾಡಿದಂತಾಗುತ್ತದೆ.

ಇನ್ನು ಮಲಿದಾ. ಅದರ ಹೆಸರು ಮತ್ತು ತಟ್ಟೆಯ ರೂಪ ಕೊಂಕಣದ ನೆರೆಹೊರೆಯಿಂದ ಬಂದದ್ದು ನಿಜ. ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಒಣಹಣ್ಣು, ಸುತ್ತ ಜೋಡಿಸಿದ ಹಣ್ಣುಗಳು: ಇವನ್ನು ನೋಡಿದ ಯಾರಿಗಾದರೂ ಪಕ್ಕದ ಮನೆಯ ಪ್ರಸಾದ ನೆನಪಾಗುತ್ತದೆ. ಆದರೆ ಆ ತಟ್ಟೆಯ ಮುಂದೆ ಹೇಳುವುದು ಹೀಬ್ರೂ ಆಶೀರ್ವಚನಗಳನ್ನು, ಸ್ಮರಿಸುವುದು ಪ್ರವಾದಿ ಎಲಿಯಾಹುವನ್ನು. ಎಲ್ಲ ದೇಶಗಳ ಯಹೂದಿಗಳೂ ತಾವಿದ್ದ ನೆಲದ ಅಡುಗೆ, ಉಡುಗೆ, ರಾಗಗಳನ್ನು ತಮ್ಮವನ್ನಾಗಿಸಿಕೊಂಡೇ ಬಾಳಿದ್ದಾರೆ. ಪೂರ್ವ ಯುರೋಪಿನವರ ಹೆಣೆದ ಶಬ್ಬಾತ್ ರೊಟ್ಟಿಯನ್ನು ಯಾರೂ ಅನುಕರಣೆ ಎನ್ನುವುದಿಲ್ಲ. ನಮ್ಮವರ ಅವಲಕ್ಕಿಯನ್ನು ಮಾತ್ರ ಹಾಗೆನ್ನುವುದು ನ್ಯಾಯವಲ್ಲ.

ಕಲಿಕೆಯ ದೃಷ್ಟಿಯಿಂದ ಆ ತಟ್ಟೆಗಿಂತ ಒಳ್ಳೆಯ ಪಠ್ಯಪುಸ್ತಕ ನನಗೆ ಇದುವರೆಗೆ ಸಿಕ್ಕಿಲ್ಲ. ಮುಂದಿನ ಸಲ ಮಲಿದಾ ಮಾಡಿದಾಗ ಖರ್ಜೂರವನ್ನೂ ಬಾಳೆಹಣ್ಣನ್ನೂ ಬೇರೆಬೇರೆಯಾಗಿ ಮಗನ ಮುಂದಿಡಿ. ಖರ್ಜೂರಕ್ಕೆ ‘ಮರದ ಫಲವನ್ನು ಸೃಷ್ಟಿಸಿದವನೇ’ ಎಂಬ ಆಶೀರ್ವಚನ. ಬಾಳೆಹಣ್ಣಿಗೆ ಅದಲ್ಲ, ‘ಭೂಮಿಯ ಫಲವನ್ನು ಸೃಷ್ಟಿಸಿದವನೇ’ ಎಂದು ಹೇಳಬೇಕು. ಆಳೆತ್ತರ ಬೆಳೆಯುವ ಬಾಳೆ ಏಕೆ ಮರವಲ್ಲ ಎಂದು ಅವನನ್ನೇ ಕೇಳಿ, ಉತ್ತರವನ್ನು ಹೇಳಿಕೊಡಬೇಡಿ. ಗೊನೆ ಬಿಟ್ಟ ಬಾಳೆಯನ್ನು ಕಡಿಯುತ್ತಾರೆ, ಅದರ ಕಾಂಡ ಮತ್ತೆ ಫಲ ಕೊಡದೆ ಸಾಯುತ್ತದೆ, ಬುಡದಿಂದ ಹೊಸ ಕಂದು ಏಳುತ್ತದೆ. ವರ್ಷದಿಂದ ವರ್ಷಕ್ಕೆ ಉಳಿಯುವ ಕಾಂಡವಿಲ್ಲದ್ದು ಮರವಲ್ಲ ಎಂಬುದು ಯಹೂದಿ ಪಂಡಿತರ ತರ್ಕ. ಕನ್ನಡಿಗರೂ ಬಾಳೆಗಿಡ ಎನ್ನುತ್ತಾರಲ್ಲ! ಹೀಗೆ ಒಂದು ಹಣ್ಣನ್ನು ಹಿಡಿದುಕೊಂಡು ಹುಡುಗ ಯಹೂದಿ ಧರ್ಮಶಾಸ್ತ್ರ ಯೋಚಿಸುವ ಬಗೆಯೊಳಕ್ಕೆ ಕಾಲಿಡುತ್ತಾನೆ. ಆಮೇಲೆ ಅವನೇ, ಪಪಾಯಿಗೆ ಯಾವುದು, ಅನಾನಸಿಗೆ ಯಾವುದು ಎಂದು ಕೇಳುತ್ತಾನೆ. ಹಾಗೆ ಕೇಳಿದ ದಿನ ಅವನ ಶಿಕ್ಷಣ ಆರಂಭವಾಯಿತು ಎಂದು ತಿಳಿಯಿರಿ. ಪಸ್ಕಹಬ್ಬದ ರಾತ್ರಿಯ ಊಟದ ವಿಧಿಯಾದ ಸೆದರ್ ಕೂಡ ಮನೆಯ ಅತಿ ಕಿರಿಯ ಮಗು, ಈ ರಾತ್ರಿ ಬೇರೆ ರಾತ್ರಿಗಳಂತೆ ಏಕಿಲ್ಲ ಎಂದು ಪ್ರಶ್ನಿಸದೆ ಮುಂದೆ ಸಾಗುವುದಿಲ್ಲ.

ಹಾಗಾದರೆ ನಿಮ್ಮ ಅಜ್ಜ-ಅಜ್ಜಿಯರಿಗೆ ಇಲ್ಲದ ಈ ತೊಂದರೆ ನಿಮಗೆ ಏಕೆ ಬಂತು? ಇದಕ್ಕೆ ನಿಮ್ಮ ಕೊರತೆ ಕಾರಣವಲ್ಲ. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರೇಲರನ್ನು ಊರವರು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುವ ಎಣ್ಣೆಯವರು ಎಂದರ್ಥ. ಮಗುವಿಗೆ ತಾನು ಯಾರೆಂದು ತಂದೆ ವಿವರಿಸಬೇಕಾಗಿರಲಿಲ್ಲ. ನಿಂತ ಗಾಣವೂ ಅಕ್ಕಪಕ್ಕದವರು ಕರೆಯುವ ಹೆಸರೂ ಅದನ್ನು ಹೇಳುತ್ತಿದ್ದವು. ಹಬ್ಬಗಳಿಗೂ ಮರಾಠಿ ಹೆಸರುಗಳೇ ಇದ್ದವು. ಹೊಸ ವರ್ಷ ‘ನವ್ಯಾಚಾ ಸಣ್’, ಬಾಗಿಲು ಹಾಕಿಕೊಂಡು ಉಪವಾಸವಿರುವ ಯೋಮ್ ಕಿಪ್ಪುರ್ ‘ದಾರಫಾಳ್ಣೀಚಾ ಸಣ್’, ಮೊಳಕೆಕಾಳಿನ ಬಿರಡೆಯ ಹೆಸರಲ್ಲಿ ಜೆರೂಸಲೇಮಿನ ದೇವಾಲಯದ ನಾಶವನ್ನು ನೆನೆಯುವ ‘ಬಿರಡ್ಯಾಚಾ ಸಣ್’. ಮುಂಬಯಿಗೆ ಬಂದ ಮೇಲೆ ಸಿನಗಾಗಿನ ಸುತ್ತಲಿನ ಗಲ್ಲಿಗಳು ಹಳ್ಳಿಯ ಕೆಲಸವನ್ನು ಮಾಡಿದವು. 1948ರ ನಂತರ ಸಮುದಾಯದ ಬಹುಪಾಲು ಇಸ್ರೇಲಿಗೆ ಹೋಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದ ಭಾರತದಲ್ಲಿ ಇಂದು ಉಳಿದವರು ನಾಲ್ಕೈದು ಸಾವಿರ. ಉಳಿದವರು ನಿಮ್ಮಂತೆ ದೂರದೂರಿನ ಅಪಾರ್ಟ್‌ಮೆಂಟುಗಳಿಗೆ ಹಂಚಿಹೋದರು. ಗಾಣವೂ ಗಲ್ಲಿಯೂ ಇಲ್ಲದ ಕಡೆ, ಅವೆರಡೂ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಮನೆಯವರು ತಿಳಿದು, ಮಾತಿನಲ್ಲಿ ಮಾಡಬೇಕಾಗಿದೆ.

ಈ ಸಮುದಾಯ ಇಂಥ ಕೆಲಸವನ್ನು ಹಿಂದೊಮ್ಮೆ ಮಾಡಿದೆ, ಅದೂ ನಿಮಗಿಂತ ಕಷ್ಟದ ಸ್ಥಿತಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆನೆ ಇಸ್ರೇಲರಲ್ಲಿ ಹೀಬ್ರೂ ಬಲ್ಲವರು ವಿರಳ. ಅವರಿಗೆ ಶಾಲೆ ತೆರೆದವರು ಕ್ರೈಸ್ತ ಮಿಷನರಿಗಳು. ಸ್ಕಾಟ್ಲೆಂಡಿನ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವನ್ನೇ ಬರೆದರು. ಮಿಷನರಿಗಳ ಉದ್ದೇಶ ಮತಾಂತರವಾಗಿತ್ತು. ಆದರೆ ಅಲ್ಲಿ ಕಲಿತವರು ಆ ಹೀಬ್ರೂವನ್ನು ತಮ್ಮ ಸಿನಗಾಗಿಗೆ ಹೊತ್ತು ತಂದರು. ಜೋಸೆಫ್ ಎಜೆಕಿಯೆಲ್ ರಾಜಪುರಕರ್ ಪ್ರಾರ್ಥನಾ ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ಮರಾಠಿಗೆ ತಂದರು. ಹರಿಕಥೆಯ ಮಾದರಿಯಲ್ಲೇ ಅಬ್ರಹಾಮನ, ಯೋಸೇಫನ ಕಥೆಗಳ ಮರಾಠಿ ಕೀರ್ತನೆಗಳು ಹುಟ್ಟಿದವು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಸೆದರ್ ಪುಸ್ತಕದ ಚಿತ್ರದಲ್ಲಿ ಸೀರೆಯುಟ್ಟ ಹೆಂಗಸರು ಕೂತು ಪಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿ ಮಾಡುತ್ತಿದ್ದಾರೆ. ಈ ಚಿತ್ರವನ್ನು ನಾನು ತರಗತಿಯಲ್ಲಿ ತೋರಿಸಿದಾಗಲೆಲ್ಲ ಯಾವುದೋ ಒಂದು ಮಗು ‘ಇದು ನಮ್ಮ ಆಜಿ!’ ಎನ್ನುತ್ತದೆ. ಮರುವರ್ಷ, 1875ರಲ್ಲಿ, ಹೈಮ್ ಸ್ಯಾಮ್ಯುಯೆಲ್ ಕೆಹಿಮಕರ್ ಮತ್ತು ಸಂಗಡಿಗರು ಮುಂಬಯಿಯಲ್ಲಿ ಸಮುದಾಯದ ಸ್ವಂತ ಶಾಲೆಯನ್ನು ತೆರೆದರು. ಮುಂದೆ ಎಲಿ ಕಡೂರಿ ಶಾಲೆ ಎಂದು ಹೆಸರಾದದ್ದು ಅದೇ. ಯಹೂದಿ ಮಕ್ಕಳು ಕಡಿಮೆಯಾದಂತೆ ಅದು ಇತರ ಧರ್ಮಗಳ ಮಕ್ಕಳ ಶಾಲೆಯಾಯಿತು. ನನಗೆ ಇದರಲ್ಲಿ ಕಾಣುವ ಪಾಠ ಇಷ್ಟು: ಅಂದು ಬೇರು ಗಟ್ಟಿಯಾದದ್ದು ಹೊರಗಿನ ವಿದ್ಯೆಯನ್ನು ಮನೆಯ ಭಾಷೆಗೆ, ಮನೆಯ ರಾಗಕ್ಕೆ ಇಳಿಸಿಕೊಂಡಾಗ. ನೀವು ಕೂಡ ಮಗನಿಗೆ ಮೊದಲು ಅವನ ಸ್ವಂತ ಮನೆಯನ್ನು ಕಲಿಸಿ. ವಿಶಾಲವಾದ ಯಹೂದಿ ಲೋಕ ಆಮೇಲೆ ಬರಲಿ.

ಶಾಲೆಯಲ್ಲಿ ಯಾರಾದರೂ ಕೇಳಿದರೆ ಅವನು ಏನು ಹೇಳಬೇಕು? ಯುರೋಪಿನ ನರಮೇಧ ಮತ್ತು ಇಸ್ರೇಲ್ ರಾಜ್ಯ, ಇವೆರಡರಿಂದಲೇ ತಮ್ಮ ಗುರುತನ್ನು ಕಟ್ಟಿಕೊಂಡ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಎರಡನ್ನೂ ಅವರು ತಿಳಿಯಲೇಬೇಕು. ಆದರೆ ಅಳಿದವರ ದುಃಖ ಮತ್ತು ದೂರದ ದೇಶದ ಸುದ್ದಿ ಮಾತ್ರವೇ ತನ್ನ ಧರ್ಮ ಎಂದುಕೊಂಡ ಹುಡುಗನಿಗೆ ಬೆಂಗಳೂರಿನ ಸೋಮವಾರ ಬೆಳಗ್ಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅವನಿಗೆ ಈ ನೆಲದ ಕಥೆ ಬೇಕು, ಅದು ಕರ್ನಾಟಕದಲ್ಲೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೇನೆಯಲ್ಲಿದ್ದ ಸಾಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮ್ಯುಯೆಲ್ ಎಜೆಕಿಯೆಲ್, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದರು. ‘ಬೆನೆ ಇಸ್ರೇಲ್’ ಎಂಬ ಹೆಸರು ಕೇಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಬರುವ ಜನ ಇವರು ಎಂದು ಗುರುತಿಸಿ ಬಿಡಿಸಿದರೆಂದು ಸಮುದಾಯದ ಕಥೆ ಹೇಳುತ್ತದೆ. ಬಿಡುಗಡೆಯ ಹರಕೆಯಾಗಿ ಅವರು 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಶಾರ್ ಹರಹಮೀಮ್, ಅಂದರೆ ಕರುಣೆಯ ದ್ವಾರ, ಬೆನೆ ಇಸ್ರೇಲರ ಮೊದಲ ಸಿನಗಾಗ್. ಶ್ರೀರಂಗಪಟ್ಟಣಕ್ಕೆ ಶಾಲೆಯ ಪ್ರವಾಸ ಹೋದಾಗ ನಿಮ್ಮ ಮಗ ಗೆಳೆಯರಿಗೆ ಹೇಳಬಹುದಾದ ಕಥೆ ಇದು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1904ರಲ್ಲಿ ಕೊಟ್ಟ ಜಾಗದಲ್ಲಿ, ಯಹೂದಿಗಳ ಸ್ಮಶಾನವಿದೆ. ಅನುಮತಿ ಪಡೆದು ಒಂದು ಭಾನುವಾರ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಕಲ್ಲಿನ ಮೇಲಿನ ಹೀಬ್ರೂ ಅಕ್ಷರಗಳನ್ನು ಅವನೇ ಕೂಡಿಸಿ ಓದಲಿ. ತಾನೊಬ್ಬನೇ ಎಂಬ ಭಾವನೆ ಅಲ್ಲಿ ಸ್ವಲ್ಪ ಕರಗುತ್ತದೆ.

ಮಗಳಿಗೆ ಹೇಳಬೇಕಾದವರು ಡಾ. ಜೆರುಶಾ ಝಿರಾಡ್. ಶಿವಮೊಗ್ಗದಲ್ಲಿ ಹುಟ್ಟಿದ ಬೆನೆ ಇಸ್ರೇಲ್ ಹೆಣ್ಣುಮಗಳು. ಲಂಡನ್ನಿನಲ್ಲಿ ಓದಿ ಹೆರಿಗೆ ತಜ್ಞೆಯಾಗಿ, ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿ, 1966ರಲ್ಲಿ ಪದ್ಮಶ್ರೀ ಪಡೆದವರು. 1925ರಲ್ಲಿ ಮುಂಬಯಿಯಲ್ಲಿ ಜ್ಯೂಯಿಶ್ ರಿಲಿಜಿಯಸ್ ಯೂನಿಯನ್ ಎಂಬ ಸುಧಾರಣಾವಾದಿ ಸಭೆ ಆರಂಭವಾದಾಗ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳಿಗೆ ಬಾತ್ ಮಿತ್ಸ್ವಾದ ವಯಸ್ಸು ಹನ್ನೆರಡು, ಎಂದರೆ ನಿಮ್ಮ ಮಗಳಿಗೆ ಇನ್ನೊಂದೇ ವರ್ಷ. ಸಮಾರಂಭ ಯಾವ ಬಗೆಯದಾಗಿರಬೇಕು ಎಂಬುದನ್ನು ನಿಮ್ಮ ಸಿನಗಾಗಿನವರೊಂದಿಗೆ ಮಾತಾಡಿ ತೀರ್ಮಾನಿಸಿ. ಅಣ್ಣನಿಗೆ ಕಲಿಸುವುದನ್ನೆಲ್ಲ ಅವಳಿಗೂ ಕಲಿಸಿ ಎಂಬುದು ನನ್ನ ಬೇಡಿಕೆ. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಮಗಳಿಂದ ಮಗಳಿಗೆ ದಾಟಿಸಿದ್ದರಿಂದಲೇ ಅವು ಇಂದು ನಮಗೆ ಉಳಿದಿವೆ.

ಗಾಜಾ ಯುದ್ಧದ ಮಾತು ತರಗತಿಯಲ್ಲಿ ಬಂದಾಗ ಯಹೂದಿ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಒಂದು ದೇಶದ ಸರ್ಕಾರದ ಪರವಾಗಿ ಉತ್ತರ ಕೊಡುವ ಹೊಣೆ ಹದಿನಾಲ್ಕರ ಹುಡುಗನದಲ್ಲ. ತಾನು ಭಾರತದ ಪ್ರಜೆ, ಧರ್ಮದಿಂದ ಯಹೂದಿ, ಸತ್ತ ಎಲ್ಲರಿಗಾಗಿ ತನಗೆ ದುಃಖವಿದೆ ಎಂದು ಹೇಳಲು ಅವನಿಗೆ ಬಂದರೆ ಸಾಕು. ಮನೆಯಲ್ಲಿ ಮಾತ್ರ ಅವನು ಏನನ್ನಾದರೂ ಕೇಳಬಹುದು, ನಿಮ್ಮ ಅಭಿಪ್ರಾಯವನ್ನು ಒಪ್ಪದೆಯೂ ಇರಬಹುದು. ಪ್ರಾಚೀನ ಪಂಡಿತರಾದ ಹಿಲೆಲ್ ಮತ್ತು ಶಮ್ಮಾಯ್ ಪಂಥಗಳ ನಡುವಿನ ವಾದಗಳನ್ನು ಸೋತ ಪಕ್ಷದ ಮಾತೂ ಸೇರಿದಂತೆ ದಾಖಲಿಸಿಟ್ಟ ಪರಂಪರೆ ಇದು. ಭಿನ್ನಮತವನ್ನು ಮನೆಯಿಂದ ಹೊರಹಾಕಿದರೆ ಹುಡುಗನೂ ಅದರ ಹಿಂದೆಯೇ ಹೋಗುತ್ತಾನೆ.

ಮದುವೆಯ ಭಯದ ಬಗ್ಗೆಯೂ ಒಂದು ಮಾತು. ‘ಹೊರಗಿನವರನ್ನು ಮದುವೆಯಾಗಬಾರದು’ ಎಂಬುದೇ ಎಷ್ಟೋ ಮನೆಗಳಲ್ಲಿ ಮಗು ಕೇಳುವ ಮೊದಲ ಮತ್ತು ಕೊನೆಯ ಧರ್ಮಪಾಠ. ಇಷ್ಟು ಚಿಕ್ಕ ಸಮುದಾಯದಲ್ಲಿ ಆ ಕಳವಳ ಸಹಜ, ನಿಮ್ಮ ಆಸೆಯನ್ನು ಮಕ್ಕಳಿಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಉಳಿಸಿಕೊಳ್ಳಬೇಕಾದದ್ದು ಏನೆಂದು ತೋರಿಸದೆ, ಅದನ್ನು ಕಳೆದುಕೊಳ್ಳಬೇಡ ಎಂದರೆ ಯಾವ ಮಗುವೂ ಕೇಳುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಮನೆಯ ಶುಕ್ರವಾರ ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಖರ್ಚೂ ಇಲ್ಲ. ಅಂದು ಮಗನಿಗೆ ಒಂದು ಕೆಲಸ ಒಪ್ಪಿಸಿ. ಒಣದ್ರಾಕ್ಷಿಯನ್ನು ಬೆಳಗ್ಗೆಯೇ ನೆನೆಹಾಕಿ, ಸಂಜೆ ಕಿವುಚಿ ಸೋಸಿ, ಶಬ್ಬಾತನ್ನು ಬರಮಾಡಿಕೊಳ್ಳುವ ಆಶೀರ್ವಚನವಾದ ಕಿದ್ದೂಶಿಗೆ ಬೇಕಾದ ಶರಬತ್ತು ಸಿದ್ಧಮಾಡುವುದು ಅವನದಾಗಲಿ; ನಾಲ್ಕಾರು ತಿಂಗಳಲ್ಲಿ ಕಿದ್ದೂಶ್ ಹೇಳುವುದೂ ಅವನದಾಗಲಿ. ತೋರಾವನ್ನು ವರ್ಷವಿಡೀ ಓದಲು ಐವತ್ನಾಲ್ಕು ಭಾಗಗಳಾಗಿ ಹಂಚಿದ್ದಾರೆ. ಆ ವಾರದ ಭಾಗದಿಂದ ಒಂದೇ ಒಂದು ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ಎತ್ತಿಕೊಳ್ಳಿ. ಹದಿನೈದು ನಿಮಿಷ ಸಾಕು. ಇದರ ಅಪಾಯವೆಂದರೆ ಅದು ಬೇಗ ತಾಯಿಯ ಉಪನ್ಯಾಸವಾಗಿಬಿಡುವುದು. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೇ ಆರಿಸಿಕೊಂಡರೆ ಆ ಅಪಾಯ ತಪ್ಪುತ್ತದೆ, ನಿಮ್ಮ ಅಜ್ಞಾನವೇ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ 1920ರಲ್ಲಿ ವಯಸ್ಕರಿಗಾಗಿ ಯಹೂದಿ ಅಧ್ಯಯನ ಶಾಲೆಯನ್ನು ತೆರೆದ ಫ್ರಾಂಟ್ಸ್ ರೋಸೆನ್‌ಟ್ಸ್‌ವೈಗ್ ಒಂದು ಕಾಲಕ್ಕೆ ಕ್ರೈಸ್ತನಾಗಲು ಹೊರಟಿದ್ದವರು. ದೂರ ಹೋದವರು ತಮ್ಮ ಬದುಕಿನಿಂದ ಹೊರಟು ತೋರಾದ ಕಡೆಗೆ ಮರಳುವುದೇ ಈ ಕಾಲದ ಕಲಿಕೆ ಎಂದು ಅವರು ನಂಬಿದ್ದರು.

ಹೀಬ್ರೂ ಓದಿಗೆ ಆನ್‌ಲೈನ್ ಶಿಕ್ಷಕರು ಸಿಗುತ್ತಾರೆ. ವಾರಕ್ಕೆ ಎರಡು ಸಲ ಅರ್ಧ ಗಂಟೆಯ ಪಾಠ, ದೀರ್ಘವಾದ ಒಂದೇ ಪಾಠಕ್ಕಿಂತ ಮೇಲು. ಶಿಕ್ಷಕರು ಬೆನೆ ಇಸ್ರೇಲರ ಉಚ್ಚಾರಣೆ ಮತ್ತು ರಾಗಗಳನ್ನು ಬಲ್ಲವರೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಹುಡುಗ ಠಾಣೆಯ ಸಿನಗಾಗಿನಲ್ಲಿ ನಿಂತಾಗ ತಾನು ಕಲಿತದ್ದೇ ಬೇರೆ, ಇಲ್ಲಿಯವರು ಹಾಡುವುದೇ ಬೇರೆ ಎಂದು ಕಂಗಾಲಾಗುತ್ತಾನೆ. ಬೆಂಗಳೂರಿನಲ್ಲಿ ಸಿನಗಾಗ್ ಇಲ್ಲ, ಚಬಾದ್ ಎಂಬ ಯಹೂದಿ ಧಾರ್ಮಿಕ ಸಂಘಟನೆಯ ಕೇಂದ್ರವಿದೆ. ಅವರ ಆತಿಥ್ಯ ದೊಡ್ಡದು, ಹಬ್ಬದ ದಿನ ಹತ್ತಾರು ಯಹೂದಿಗಳನ್ನು ಒಂದೇ ಕಡೆ ನೋಡುವ ಸಂತೋಷ ಮಕ್ಕಳಿಗೆ ಅಲ್ಲಿ ಸಿಗುತ್ತದೆ. ಅವರದು ಪೂರ್ವ ಯುರೋಪಿನ ಹಸೀದಿ ಪರಂಪರೆ, ನಿಮ್ಮದು ಕೊಂಕಣದ್ದು. ಅಲ್ಲಿ ಕಂಡದ್ದೇ ಶುದ್ಧ, ಆಜಿಯದು ಅಶುದ್ಧ ಎಂಬ ಭಾವನೆ ಮಕ್ಕಳಲ್ಲಿ ಬೇರೂರದಂತೆ ನೋಡಿಕೊಳ್ಳುವ ಕೆಲಸ ನಿಮ್ಮದು.

ಹದಿನಾಲ್ಕರ ವಯಸ್ಸಿನಲ್ಲಿ ತಂದೆತಾಯಿಗಿಂತ ಗೆಳೆಯರ ಮಾತು ಹೆಚ್ಚು ನಾಟುತ್ತದೆ. ಆದ್ದರಿಂದ ರಜೆಯಲ್ಲಿ ಮುಂಬಯಿ-ಠಾಣೆಯ ಯುವಜನರ ಶಿಬಿರಗಳಿಗೆ ಅವನನ್ನು ಕಳಿಸಲೇಬೇಕು ಎನ್ನುತ್ತೇನೆ. ಶಿಬಿರದ ಬಿಸಿ ಮೂರು ವಾರದಲ್ಲಿ ಆರುತ್ತದೆ ಎಂಬ ದೂರು ಸುಳ್ಳಲ್ಲ. ಅಲ್ಲಿ ಸಿಕ್ಕ ಇಬ್ಬರು ಹುಡುಗರ ಜೊತೆ ಅವನು ವಾರಕ್ಕೊಮ್ಮೆ ಮಾತಾಡುವಂತಾದರೆ ಮಾತ್ರ ಆ ಬಿಸಿ ಉಳಿಯುತ್ತದೆ.

ಯಜಮಾನರು ಹೇಳುತ್ತಿರುವುದು ಬಹುಶಃ ನಾಅಲೆ ಯೋಜನೆಯ ಬಗ್ಗೆ ಇರಬೇಕು. ಹೊರದೇಶದ ಯಹೂದಿ ಮಕ್ಕಳು ಇಸ್ರೇಲಿನಲ್ಲಿ ಪ್ರೌಢಶಾಲೆ ಓದಿ, ಅಲ್ಲಿಯ ಪ್ರೌಢಶಾಲೆಯ ಅಂತಿಮ ಪರೀಕ್ಷೆಯಾದ ಬಗ್ರೂತ್ ಬರೆಯುತ್ತಾರೆ. ಆಯ್ಕೆ ಪರೀಕ್ಷೆ ಇರುತ್ತದೆ, ಶಿಕ್ಷಣ ಮತ್ತು ವಸತಿಯ ಖರ್ಚನ್ನು ಯೋಜನೆಯೇ ಹೊರುತ್ತದೆ. ಹೋಗಿ ಅರಳಿದ ಮಕ್ಕಳನ್ನು ನೋಡಿದ್ದೇನೆ, ಒಂದೇ ವರ್ಷದಲ್ಲಿ ಕುಗ್ಗಿ ಹಿಂದಿರುಗಿದವರನ್ನೂ ನೋಡಿದ್ದೇನೆ. ಹೋಗಬೇಕೆಂಬ ಹಂಬಲ ಯಾರದಾಗಿತ್ತು ಎಂಬುದರಲ್ಲಿಯೇ ಇವರಿಬ್ಬರ ವ್ಯತ್ಯಾಸವಿತ್ತು. ‘ಇದನ್ನು ಇಟ್ಟುಕೊಂಡು ನಾನೇನು ಮಾಡಲಿ’ ಎಂದು ಕೇಳುತ್ತಿರುವ ಹುಡುಗನನ್ನು ಉತ್ತರ ಕೊಡದೆ ದೂರ ಕಳಿಸಿದರೆ, ತನ್ನನ್ನು ಸಾಗಹಾಕಿದರು ಎಂದು ಅವನಿಗೆ ಅನಿಸೀತು. ಪ್ರದೇಶದ ಭದ್ರತೆ, ಪೌರತ್ವ, ಸೇನಾಸೇವೆ ಕುರಿತ ನಿಯಮಗಳನ್ನು ಬರವಣಿಗೆಯಲ್ಲಿ ಪಡೆದುಕೊಂಡೇ ಮುಂದುವರಿಯಿರಿ. ಸಮುದಾಯದ ಇನ್ನೊಂದು ಕಹಿ ಅಧ್ಯಾಯವನ್ನೂ ಅವನಿಗೆ ಮೊದಲೇ ಹೇಳಿರಿ. ಇಸ್ರೇಲಿಗೆ ಹೋದ ಬೆನೆ ಇಸ್ರೇಲರ ಯಹೂದಿತನವನ್ನೇ ಅಲ್ಲಿಯ ಧರ್ಮಪೀಠ 1960ರ ದಶಕದ ಆರಂಭದಲ್ಲಿ ಪ್ರಶ್ನಿಸಿತು. ಮದುವೆಗೆ ಮುನ್ನ ಅವರ ವಂಶದ ವಿಚಾರಣೆಯಾಗಬೇಕೆಂದಿತು. ಜನ ಜೆರೂಸಲೇಮಿನಲ್ಲಿ ಧರಣಿ ಕೂತರು. 1964ರಲ್ಲಿ ಸರ್ಕಾರ ಅವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿತು, ಧರ್ಮಪೀಠ ಹಿಂದೆ ಸರಿಯಿತು. ಇದನ್ನು ತಿಳಿದ ಹುಡುಗ, ಅಲ್ಲಿ ಯಾರಾದರೂ ನೀನು ನಿಜವಾಗಿ ಯಹೂದಿಯೇ ಎಂದು ಕೇಳಿದರೆ ತಲೆ ತಗ್ಗಿಸುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಹತ್ತು ದಿನಗಳ ಬರ್ತ್‌ರೈಟ್ ಪ್ರವಾಸ ಹೇಗೂ ಇದೆ. 1999ರಿಂದ ಲಕ್ಷಾಂತರ ಯುವಜನರು ಅದರಲ್ಲಿ ಇಸ್ರೇಲನ್ನು ಉಚಿತವಾಗಿ ನೋಡಿ ಬಂದಿದ್ದಾರೆ. ಅಲ್ಲಿಯವರೆಗೆ ಕಾಯುವುದರಿಂದ ನಷ್ಟವಿಲ್ಲ.

ನನ್ನ ಸಲಹೆ ಕೇಳಿದರೆ, ಈ ವರ್ಷ ಮಗನನ್ನು ಎಲ್ಲಿಗೂ ಕಳಿಸಬೇಡಿ. ಒಂದು ವರ್ಷ ಶುಕ್ರವಾರದ ಊಟ, ಹೀಬ್ರೂ ಓದು, ಎರಡು ಶಿಬಿರ, ಕೊನೆಗೆ ಠಾಣೆಯಲ್ಲಿ ಒಂದು ಗುರುವಾರ ಬೆಳಗ್ಗೆ ತೋರಾದ ಮುಂದೆ ನಿಲ್ಲುವುದು, ಇಷ್ಟಾಗಲಿ. ಆಮೇಲೂ ಅವನೇ ಇಸ್ರೇಲಿನ ಮಾತೆತ್ತಿದರೆ ಅರ್ಜಿ ತರಿಸಿ. ಪ್ರವೇಶದ ವಯಸ್ಸಿನ ಮಿತಿಯನ್ನು ಮಾತ್ರ ಈಗಲೇ ವಿಚಾರಿಸಿಟ್ಟುಕೊಳ್ಳಿ.

ಅದಕ್ಕೂ ಮೊದಲು ಮಗಳ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ. ಆಜಿಯ ಹಾಡು ಹೀಬ್ರೂ ಆಗಿರಬಹುದು, ಮರಾಠಿ ಆಗಿರಬಹುದು, ಎರಡೂ ಬೆರೆತಿರಬಹುದು. ಮುಂದಿನ ಸಲ ಅತ್ತೆಯವರು ಬಂದಾಗ ಮಗಳ ಕೈಗೆ ಫೋನ್ ಕೊಟ್ಟು ಹಾಡನ್ನು ಧ್ವನಿಮುದ್ರಿಸಲು ಹೇಳಿ, ಮಗ ಅದನ್ನು ಸಾಲು ಸಾಲಾಗಿ ಬರೆದುಕೊಳ್ಳಲಿ. ಅರ್ಥವಾಗದ ಪದಗಳ ಪಟ್ಟಿಯನ್ನು ನನಗೆ ಕಳಿಸಿ, ಬಿಡಿಸಿ ಬರೆದು ಕಳಿಸುತ್ತೇನೆ.